ಹಿಂದಿನ ಸಾಲಿನ ಕೊನೆಯ ಜಾಗ

ನಮ್ಮ ತಂಡದಲ್ಲಿ ನಾನು ಆಡಿದ್ದಕ್ಕಿಂತ ಮೈದಾನದ ಅಂಚಿನ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಲ್ಲಿ ಹೋಗಿ ಕುಳಿತುಕೊಳ್ಳುವುದಕ್ಕೂ ಮೊದಲು ಆಯ್ಕೆಯಾಗಬೇಕು, ಅದು ಬಲ್ಲವರಿಗೇ ಗೊತ್ತು.

ರಬಕವಿ ಬನಹಟ್ಟಿಯ ನೇಕಾರರು, ಮುಧೋಳದ ಕಡೆಯ ಕಬ್ಬಿನ ರೈತರು, ಜಮಖಂಡಿಯ ಕೆಲವು ಅಂಗಡಿಕಾರರು ಸೇರಿ ಕಟ್ಟಿಕೊಂಡ ಹಾಕಿ ತಂಡ ನಮ್ಮದು. ನಮ್ಮ ಸೀಮೆಯಲ್ಲಿ ಕುಸ್ತಿ ಅಂದರೆ ಮಲಗಿದವರು ಎದ್ದು ಕೂರುತ್ತಾರೆ, ಕಬಡ್ಡಿ ಅಂದರೆ ಉಣ್ಣುವ ತಾಟು ಬಿಟ್ಟು ಬರುತ್ತಾರೆ. ಹಾಕಿ ಅಂದರೆ, ಈ ವಯಸ್ಸಿನಲ್ಲಿ ಕೋಲು ಹಿಡಿದು ಯಾರನ್ನು ಹೊಡೆಯಲು ಹೊರಟಿರಿ ಎಂದು ಕೇಳುತ್ತಾರೆ. ನಾವು ಹಲ್ಲು ಕಿರಿದು ಮುಂದೆ ಹೋಗುತ್ತೇವೆ. ಮಳೆಗಾಲ ಮುಗಿದು ಮೈದಾನ ಒಣಗುತ್ತಲೇ ಗದಗಿನ ಕಡೆ ಪಂದ್ಯಗಳು ಶುರುವಾಗುತ್ತವೆ. ಅದಕ್ಕೂ ಮೊದಲಿನ ತಿಂಗಳು ನಮ್ಮಲ್ಲಿ ತಂಡ ಆರಿಸುವ ಗಡಿಬಿಡಿ.

ಹಿಂದಿನ ಸಾಲಿನಲ್ಲಿ ಇಬ್ಬರ ಜಾಗ ಗಟ್ಟಿ. ಒಬ್ಬ ರನ್ನ ಬೆಳಗಲಿ ಊರಿನ ಕಬ್ಬಿನ ರೈತ, ಎದುರಿಗೆ ನಿಂತರೆ ಗೋಲು ಕಾಣದಷ್ಟು ಅಗಲದ ಆಳು. ಇನ್ನೊಬ್ಬ ಜಮಖಂಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಚೆಂಡನ್ನು ಗಿರಾಕಿಯ ಹಾಗೆ ನಯವಾಗಿ ಮಾತಾಡಿಸಿ ಒಳಗೆ ಕರೆದುಕೊಳ್ಳುವವನು. ಇವರಿಬ್ಬರಲ್ಲಿ ಯಾರಿಗಾದರೂ ಏನಾದರೂ ಆದರೆ ಇರಲಿ ಎಂದು ಕರೆದೊಯ್ಯುವ ಹೆಚ್ಚುವರಿ ಡಿಫೆಂಡರುಗಳು ನಾನು ಮತ್ತು ನನ್ನ ಮಾಮಾ. ಮಾಮಾ ಅಂದರೆ ನನ್ನ ಅಕ್ಕನ ಗಂಡ. ಅವನು ನನ್ನನ್ನು ಅಳ್ಯಾ ಎನ್ನುತ್ತಾನೆ, ಏಕೆಂದರೆ ನಾನು ಅವನ ತಂಗಿಯ ಗಂಡ. ನಮ್ಮ ಮನೆಯ ಹುಡುಗಿಯನ್ನು ಅವರ ಮನೆಗೆ ಕೊಟ್ಟು, ಅವರ ಮನೆಯ ಹುಡುಗಿಯನ್ನು ನಮ್ಮ ಮನೆಗೆ ತಂದುಕೊಂಡ ಸಂಬಂಧ ಅದು. ಎರಡೂ ಮದುವೆ ಒಂದೇ ಹಂದರದಲ್ಲಿ ಆದವು. ಹಾಗಾಗಿ ಅವನ ಮನೆಯಲ್ಲಿ ಸೀನಿದರೆ ನಮ್ಮ ಮನೆಯಲ್ಲಿ ಮೂಗು ಒರೆಸಿಕೊಳ್ಳಬೇಕು.

ಹೆಚ್ಚುವರಿ ಡಿಫೆಂಡರನ ಕೆಲಸವೇನೆಂದು ಜನ ಕೇಳುತ್ತಾರೆ. ನೀರಿನ ಬಾಟಲಿ ತುಂಬಿಸುವುದು, ಗೋಲ್‌ಕೀಪರನ ನಾರುವ ಪ್ಯಾಡುಗಳನ್ನು ಬಿಸಿಲಿಗೆ ಹಾಕುವುದು, ಮತ್ತು ಆಟ ನಡೆದಷ್ಟು ಹೊತ್ತು ರನ್ನ ಬೆಳಗಲಿಯವನ ಬಲ ಮೊಣಕಾಲನ್ನೇ ನೋಡುತ್ತ ಕೂರುವುದು. ಆ ಮೊಣಕಾಲು ವರ್ಷಗಳಿಂದ ಇವತ್ತು ಹೋಗುತ್ತೇನೆ ನಾಳೆ ಹೋಗುತ್ತೇನೆ ಎನ್ನುತ್ತಿತ್ತು. ಅದರ ಮೇಲೆ ಅವನ ಹೆಂಡತಿಗೂ ನನ್ನಷ್ಟು ಕಾಳಜಿ ಇರಲಿಲ್ಲ. ಅವನು ಕುಂಟಿದಾಗಲೆಲ್ಲ ನಾನೂ ಮಾಮಾನೂ ಒಟ್ಟಿಗೆ ಎದ್ದು ನಿಂತು ಶೂ ಲೇಸು ಬಿಗಿದುಕೊಳ್ಳುತ್ತಿದ್ದೆವು. ಅವನು ಕಾಲು ಕೊಡವಿ ಮತ್ತೆ ಓಡಿದಾಗ ಒಟ್ಟಿಗೆ ಕೂರುತ್ತಿದ್ದೆವು.

ಅಂಥ ಸುಖದ ಬಾಳಿಗೆ ನಮ್ಮ ಕೋಚ್ ಕಲ್ಲು ಹಾಕಿದರು. ಅವರು ಸೈನ್ಯದಿಂದ ನಿವೃತ್ತರಾಗಿ ಬೀಳಗಿಯ ಆಚೆಯ ಹಳ್ಳಿಯಲ್ಲಿರುವವರು. ನಾವೆಲ್ಲ ಸಾಹೇಬರು ಎನ್ನುತ್ತೇವೆ. ತರಬೇತಿಯ ಮೊದಲ ದಿನವೇ ನಮ್ಮಿಬ್ಬರನ್ನು ಬೇವಿನ ಮರದ ಕೆಳಗೆ ಕರೆದು, ಈ ಸಲ ಇನ್ನೊಬ್ಬ ಗೋಲ್‌ಕೀಪರ್ ಬೇಕಾಗಿದ್ದಾನೆ, ಆದ್ದರಿಂದ ಹಿಂದಿನ ಸಾಲಿಗೆ ಹೆಚ್ಚುವರಿ ಜಾಗ ಒಂದೇ ಎಂದರು. ಮುಂದಿನ ವರ್ಷದಿಂದ ಹೊಸ ಹುಡುಗರ ಪಾಳಿ, ನಮ್ಮ ವಯಸ್ಸಿನವರನ್ನು ಆರಿಸುವುದಿಲ್ಲ ಎಂದೂ ಸೇರಿಸಿದರು. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ನಮ್ಮಿಬ್ಬರಲ್ಲಿ ಒಬ್ಬನಿಗೆ ಇನ್ನೊಂದು ಸೀಸನ್, ಇನ್ನೊಬ್ಬನಿಗೆ ಅಂದೇ ಮುಕ್ತಾಯ.

ನನಗೆ ಆ ಜಾಗ ಬೇಕಾಗಿತ್ತು. ಸುಮ್ಮನೆ ಸುತ್ತಿ ಬಳಸಿ ಯಾಕೆ ಹೇಳಲಿ, ಮಾಮಾನಿಗೆ ಸಿಗಬಾರದು ಅನ್ನುವಷ್ಟು ಬೇಕಾಗಿತ್ತು. ವರ್ಷವಿಡೀ ಶೆಡ್ಡಿನಲ್ಲಿ ಮಗ್ಗದ ಮುಂದೆ ನಿಂತವನಿಗೆ ಆ ನಾಲ್ಕಾರು ಊರು, ಆ ಜರ್ಸಿ, ಬೆಳಗಿನ ಮೈದಾನದಲ್ಲಿ ತಣ್ಣಗೆ ಕಾಲಿಗೆ ತಾಗುವ ಹುಲ್ಲು, ಇವೆಲ್ಲ ಏನು ಅನ್ನುವುದು ಹಬ್ಬಕ್ಕೆ ತವರಿಗೆ ಹೋಗುವ ಹೆಣ್ಣುಮಕ್ಕಳಿಗೆ ಅರ್ಥವಾದೀತು.

ಆದರೆ ನನ್ನ ಮನೆಯ ಹೆಣ್ಣುಮಗಳಿಗೆ ಅರ್ಥವಾಗಲಿಲ್ಲ. ಸುದ್ದಿ ಹೇಳಿದ ಸಂಜೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತ ತನ್ನ ತೀರ್ಮಾನ ತಿಳಿಸಿದಳು.

"ನೀವು ಹೋಗಲಿಲ್ಲಂದ್ರ ನಾ ಅಳೂದಿಲ್ಲರಿ. ನಮ್ಮಣ್ಣ ಹೋಗಲಿಲ್ಲಂದ್ರ ಅಳ್ತೀನಿ."

ನಾಲ್ಕು ಮನೆ ಆಚೆ ನನ್ನ ಅಕ್ಕ ತನ್ನ ಗಂಡನಿಗೆ ಇದೇ ಮಾತನ್ನು ತಿರುಗಿಸಿ ಹೇಳಿದ್ದಳಂತೆ. ತಮ್ಮನ ಕಾಲಿಗೆ ಶಕ್ತಿ ಬರಲೆಂದು ಅವಳು ನನಗೆ ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿಟ್ಟು ಕರೆಯುತ್ತಿದ್ದಳು. ನನ್ನ ಹೆಂಡತಿ ತನ್ನ ಅಣ್ಣನನ್ನು ಕೂರಿಸಿ ಬಿಸಿರೊಟ್ಟಿಯ ಮೇಲೆ ಬೆಣ್ಣೆ ಇಡುತ್ತಿದ್ದಳು. ಹೀಗಾಗಿ ನಾವಿಬ್ಬರೂ ಸ್ವಂತ ಮನೆಯಲ್ಲಿ ತಂಗಳು, ಎದುರಾಳಿಯ ಮನೆಯಲ್ಲಿ ಹಬ್ಬದೂಟ ಉಣ್ಣತೊಡಗಿದೆವು. ಓಣಿಯಲ್ಲಿ ಎದುರಾದಾಗ ಅವನು ನನ್ನ ಮನೆಯ ಕಡೆಗೆ, ನಾನು ಅವನ ಮನೆಯ ಕಡೆಗೆ ಹೋಗುತ್ತಿರುತ್ತಿದ್ದೆವು. ಮಾಮಾ ಹೊಟ್ಟೆ ಸವರಿಕೊಂಡು, ಹಿಂಗ ಆದ್ರ ಇಬ್ಬರೂ ಗೋಲ್‌ಕೀಪರ್ ಆಗ್ತೀವಿ ಎಂದ. ನಾನು ನಗಲಿಲ್ಲ. ಮುಖ ಗಂಟು ಹಾಕಿಕೊಂಡು ಹೋದೆ. ಮನೆ ದಾಟಿದ ಮೇಲೆ ನಗು ಬಂತು.

ಇನ್ನು ನಮ್ಮಿಬ್ಬರಿಗೂ ಇದ್ದ ಒಂದೇ ಐಬಿನ ಮಾತು. ಹಿಂದೆ ನಿಂತವನು ಕೂಗಬೇಕು ಎಂಬುದು ಸಾಹೇಬರ ಮೊದಲ ಪಾಠ. ಮುಂದೆ ಓಡುವವರಿಗೆ ಬೆನ್ನ ಹಿಂದೆ ಕಣ್ಣಿಲ್ಲ, ಯಾರು ಎಲ್ಲಿಂದ ಬರುತ್ತಿದ್ದಾನೆ ಎಂದು ಹಿಂದಿನವನು ಗಂಟಲು ಹರಿಯುವ ಹಾಗೆ ಹೇಳುತ್ತಿರಬೇಕು. ರನ್ನ ಬೆಳಗಲಿಯವನಿಗೆ ಇದು ಕಷ್ಟವೇ ಅಲ್ಲ. ಕಬ್ಬಿನ ಪಡದ ಈ ತುದಿಯಲ್ಲಿ ನಿಂತು ಆ ತುದಿಯವನನ್ನು ಊಟಕ್ಕೆ ಕರೆದು ಬೆಳೆದವನು. ನಾವು ಬೆಳೆದದ್ದು ಪವರ್‌ಲೂಮ್ ಶೆಡ್ಡಿನಲ್ಲಿ. ಎರಡೂ ಮನೆಯ ಮಗ್ಗಗಳು ಒಂದೇ ಶೆಡ್ಡಿನಲ್ಲಿವೆ. ಅವು ಶುರುವಾದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಮಿಂಚು ಕಂಡರಷ್ಟೇ ಗೊತ್ತಾಗಬೇಕು. ಅಲ್ಲಿ ಗಂಟಲು ಹರಿದುಕೊಳ್ಳುವವನು ಹುಚ್ಚ. ನಾವು ಅಪ್ಪಂದಿರ ಕಾಲದಿಂದ ಕೈಸನ್ನೆಯಲ್ಲಿ, ತುಟಿಯ ಅಲುಗಾಟದಲ್ಲಿ ಮಾತಾಡುವವರು. ಬೆರಳು ಸುತ್ತಿದರೆ ಲಾಳಿಯ ಕಂಡಿಕೆಯಲ್ಲಿ ನೂಲು ಮುಗಿಯಿತು ಎಂದು. ಹೆಬ್ಬೆರಳು ಬಾಯಿಗೆ ಹೋದರೆ ಚಹಾ. ಕೈ ನೆಟ್ಟಗೆ ಮೇಲೆತ್ತಿದರೆ ಎಳೆ ಹರಿದು ಮಗ್ಗ ನಿಂತಿದೆ, ಇದ್ದದ್ದು ಬಿಟ್ಟು ಬಾ ಎಂದು.

ಮೈದಾನದಲ್ಲಿ ಸಾಹೇಬರು ಬಾಯಿ ಬಿಡಿ ಎಂದರೆ ನಮ್ಮಿಬ್ಬರ ದನಿ ಹೆಣ್ಣು ನೋಡಲು ಹೋದ ವರನ ದನಿಯ ಹಾಗೆ ಹೊರಡುತ್ತಿತ್ತು. ಬಾಯಿಗಿಂತ ಮೊದಲು ಕೈಯೇ ಏಳುತ್ತಿತ್ತು. ಅದರ ಫಲವನ್ನು ಮುಧೋಳದಲ್ಲಿ ಉಂಡೆವು.

ಅಲ್ಲಿನ ಹುಡುಗರ ಜೊತೆ ಅಭ್ಯಾಸದ ಆಟ ಇತ್ತು. ಸಾಹೇಬರು ನಮ್ಮಿಬ್ಬರನ್ನೂ ಹಿಂದೆ ಜೋಡಿಯಾಗಿ ನಿಲ್ಲಿಸಿದ್ದರು. ಎದುರಾಳಿಯೊಬ್ಬನ ಕಾಲಿಗೆ ಚೆಂಡು ತಾಗಿತು, ಹಾಕಿಯಲ್ಲಿ ಅದು ತಪ್ಪು. ಅಂಪೈರಿಗೆ ತೋರಿಸಲೆಂದು ನಾನು ಕೈ ನೆಟ್ಟಗೆ ಮೇಲೆತ್ತಿದೆ. ಅಂಪೈರ್ ನೋಡಲಿಲ್ಲ. ಮಾಮಾ ನೋಡಿದ. ತಾನು ಕಾಯುತ್ತಿದ್ದ ಹುಡುಗನನ್ನು ಅಲ್ಲೇ ಬಿಟ್ಟು ಮೈದಾನ ಅಡ್ಡ ಹಾದು ನನ್ನ ಹತ್ತಿರ ಓಡಿಬಂದ. ಬಂದವನು ಬಗ್ಗಿ ನನ್ನ ಕಾಲ ಬುಡದಲ್ಲಿ ಏನನ್ನೋ ಹುಡುಕತೊಡಗಿದ. ಬಿಟ್ಟುಬಂದ ಹುಡುಗ ನಿಧಾನವಾಗಿ, ಮನೆಯ ಬಾಗಿಲು ದಾಟುವ ಹಾಗೆ ಹೋಗಿ ಗೋಲು ಹೊಡೆದ.

ಏನು ಹುಡುಕುತ್ತಿದ್ದೆ ಎಂದು ಸಾಹೇಬರು ಕೇಳಿದರು. ಅವರ ಮೀಸೆ ನಡುಗುತ್ತಿತ್ತು.

"ಎಳಿ ಹರದೈತೇನೋ ಅಂತ ನೋಡಾಕತ್ತಿದ್ನಿರಿ," ಎಂದ ಮಾಮಾ.

ಎರಡೂ ತಂಡದವರು ನೆಲಕ್ಕೆ ಬಿದ್ದು ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬರಾದ ಮೇಲೊಬ್ಬರು ಕೈ ಎತ್ತಿ ಮಾಮಾನನ್ನು ಕರೆದರು. ಕಂಡಕ್ಟರ್ ಯಾರಿಗೋ ಇಳಿಯಬೇಕಾಗಿದೆ ಎಂದು ಮೂರು ಕಡೆ ಸೀಟಿ ಊದಿ ಬಸ್ಸು ನಿಲ್ಲಿಸಿ ಬೈದ. ಸಾಹೇಬರು ಮಾತ್ರ ನಗಲಿಲ್ಲ. ಬರುವ ರವಿವಾರ ಜಮಖಂಡಿಯಲ್ಲಿ ನಮ್ಮ ನಮ್ಮಲ್ಲೇ ಎರಡು ತಂಡ ಮಾಡಿ ಕೊನೆಯ ಪರೀಕ್ಷೆ, ನಾನೊಂದು ಕಡೆ, ಮಾಮಾ ಒಂದು ಕಡೆ, ಚಲೋ ಆಡಿದವನು ಗದಗಿಗೆ ಎಂದುಬಿಟ್ಟರು.

ಆ ವಾರ ನಾವು ಕೂಗುವುದನ್ನು ಕಲಿತೆವು. ಮನೆಯಲ್ಲಿ ಕೂಗಿದರೆ ಜಗಳವೆಂದು ನೆರೆಯವರು ಬರುತ್ತಾರೆ. ಆದ್ದರಿಂದ ಶೆಡ್ಡಿನಲ್ಲೇ, ಮಗ್ಗಗಳು ನಡೆಯುತ್ತಿರುವಾಗಲೇ ಅಭ್ಯಾಸ ಮಾಡಿದೆವು. ಎಷ್ಟು ಅರಚಿದರೂ ಯಾರಿಗೂ ಕೇಳುವ ಹೆದರಿಕೆ ಇಲ್ಲ. ಎದುರಾಳಿಗಳಾದರೂ ನಾವು ಕೂಗಲು ಒಬ್ಬರಿಗೊಬ್ಬರೇ ಬೇಕಲ್ಲ. ಅವನು ಆ ಸಾಲಿನಿಂದ "ಅಳ್ಯಾ, ಎಡಕ್ಕ ಬಾ" ಎಂದು ಅರಚುವುದು, ನಾನು ಈ ಸಾಲಿನಿಂದ "ಮಾಮಾ, ಹಿಂದ ಅದಾನ" ಎನ್ನುವುದು. ಕಂಡಿಕೆ ಸುತ್ತುತ್ತ ಕುಳಿತ ನನ್ನ ಹೆಂಡತಿಗೂ ಅಕ್ಕನಿಗೂ ಕಿವಿಗೆ ಕೇಳದಿದ್ದರೂ ತುಟಿ ನೋಡಿ ಎಲ್ಲ ತಿಳಿಯುತ್ತಿತ್ತು. ಮೂರನೆಯ ದಿನ ಹೆಂಡತಿ, ಬೆಳಗಿನಿಂದ ಹಿಂದೆ ಇದ್ದಾನೆ ಹಿಂದೆ ಇದ್ದಾನೆ ಅನ್ನುತ್ತೀರಲ್ಲ, ಆ ಪುಣ್ಯಾತ್ಮನನ್ನು ಮುಂದೆ ಕರೆದು ಒಂದು ಕಪ್ಪು ಚಹಾ ಕೊಡಬಾರದೇ ಎಂದಳು.

ರವಿವಾರ ಬಂತು. ಜಮಖಂಡಿಯ ಮೈದಾನದಲ್ಲಿ ಬಿಸಿಲು ಏರುವ ಮೊದಲೇ ಆಟ ಶುರುವಾಯಿತು. ಅಂಪೈರ್ ಕೂಡ ಸಾಹೇಬರೇ. ನಾನು ಕೂಗಿದೆ, ನಿಜಕ್ಕೂ ಕೂಗಿದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿತು. ಆ ತುದಿಯಿಂದ ಮಾಮಾನ ದನಿಯೂ ಬರುತ್ತಿತ್ತು. ಒಂದು ಗೋಲನ್ನು ನಾನು ಸ್ಟಿಕ್ಕಿನ ತುದಿಯಿಂದ ತಡೆದೆ. ಸಾಹೇಬರು ತಲೆಯಾಡಿಸಿದ್ದನ್ನು ಓರೆಗಣ್ಣಿನಲ್ಲಿ ನೋಡಿದೆ. ಸಿಕ್ಕಿತು ಎಂದುಕೊಂಡೆ.

ಕೊನೆಗೆ ಮಾಮಾನ ತಂಡಕ್ಕೆ ಒಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು. ಚೆಂಡನ್ನು ನಿಲ್ಲಿಸಿಕೊಡುವ ಕೆಲಸ ಮಾಮಾನದು, ಅದಕ್ಕೆ ಅವನು ಮುಂದೆ ಬಂದಿದ್ದ. ಹೊಡೆತಕ್ಕೆ ಅಡ್ಡ ಓಡುವ ಕೆಲಸ ನನ್ನದು. ಓಡಿದೆ. ಚೆಂಡು ನೇರ ನನ್ನ ಕಾಲಿಗೆ, ಕಣಕಾಲಿನ ಗಂಟಿಗೇ ಬಡಿಯಿತು. ಕಾಲು ಮಡಚಿ ಬಿದ್ದೆ. ಚೆಂಡು ನನ್ನಿಂದ ಸಿಡಿದು ಮಾಮಾನ ಮುಂದೆ ಹೋಗಿ ನಿಂತಿತು. ಗೋಲ್‌ಕೀಪರ್ ಇನ್ನೊಂದು ಕಡೆ ಬಿದ್ದಿದ್ದ. ಗೋಲು ಬಾಗಿಲು ತೆಗೆದ ಮನೆಯ ಹಾಗೆ ಖಾಲಿ ಇತ್ತು. ಅವನಿಗೆ ಲಾಭವಿದ್ದುದರಿಂದ ಸಾಹೇಬರು ಸೀಟಿ ಊದಲಿಲ್ಲ.

ನೋವಿಗೆ ನನ್ನ ಕಣ್ಣು ಕತ್ತಲಿಟ್ಟಿತು. ಕೈ ತಾನಾಗಿ ಮೇಲೇಳಲು ಹೊರಟಿತು. ಅದನ್ನು ಮೈಕೆಳಗೆ ಒತ್ತಿ ಹಿಡಿದೆ. ಎತ್ತಿದರೆ ಇವನು ಬಿಟ್ಟು ಬರುತ್ತಾನೆ, ಬಂದರೆ ಇವನ ಜಾಗ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವನನ್ನು ಸೋಲಿಸಬೇಕೆಂದು ವಾರವಿಡೀ ಹಲ್ಲು ಕಚ್ಚಿದವನು ನಾನು. ಆದರೆ ಆ ರೀತಿ ಗೆಲ್ಲುವುದು ನನ್ನಿಂದ ಆಗುವ ಕೆಲಸವಲ್ಲ.

ಅವನು ಬಂದ. ಚೆಂಡನ್ನು ಅಲ್ಲೇ ಬಿಟ್ಟು, ಸ್ಟಿಕ್ ಎಸೆದು ಬಂದು, ನನ್ನ ಕಾಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಶೂ ಬಿಚ್ಚತೊಡಗಿದ. ಯಾರೋ ಬಂದು ಚೆಂಡನ್ನು ದೂರ ಹೊಡೆದರು. ಸಾಹೇಬರು ಸೀಟಿ ಊದಿ ಓಡಿಬಂದು, ಖಾಲಿ ಗೋಲು ಬಿಟ್ಟು ಬಂದೆಯಲ್ಲ, ಇವತ್ತು ಇವನು ಕೈ ಕೂಡ ಎತ್ತಿರಲಿಲ್ಲ ಎಂದು ರೇಗಿದರು.

"ಎತ್ತಲಿಲ್ಲಂತನ ಬಂದ್ನಿರಿ," ಎಂದ ಮಾಮಾ, ತಲೆ ಎತ್ತದೆ. "ಎತ್ತಿದ್ರ ಗೋಲ ಹೊಡದ ಬರ್ತಿದ್ನಿ."

ಸಾಹೇಬರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನಮ್ಮ ಶೆಡ್ಡುಗಳಲ್ಲಿ ಕೈ ಎತ್ತಿದವನದು ಬರೀ ಎಳೆ ಹರಿದಿರುತ್ತದೆ. ಮಗ್ಗ ನಿಂತೂ ಕೈ ಮೇಲೇಳದಿದ್ದರೆ, ಆ ಕೈಯೇ ಎಲ್ಲೋ ಸಿಕ್ಕಿಕೊಂಡಿದೆ ಎಂದು ಅರ್ಥ. ಆಗ ಯಾರೂ ನಡೆದುಕೊಂಡು ಬರುವುದಿಲ್ಲ.

ಎಲುಬು ಮುರಿದಿಲ್ಲ, ಉಳುಕಿದೆ, ಕೆಲವು ವಾರ ಕಾಲೂರಬೇಡಿ ಎಂದರು ಜಮಖಂಡಿಯ ಡಾಕ್ಟರು. ಅಲ್ಲಿಗೆ ನನ್ನ ಸೀಸನ್ ಮುಗಿಯಿತು. ದವಾಖಾನೆಯ ಬಾಗಿಲಲ್ಲಿ ಸಾಹೇಬರು ನನ್ನ ಹೆಗಲ ಮೇಲೆ ಕೈ ಇಟ್ಟು, ನಿನ್ನ ಕಾಲು ಸರಿಯಿದ್ದರೂ ಅವನನ್ನೇ ಕರೆದೊಯ್ಯುತ್ತಿದ್ದೆ ಎಂದರು. ಗೋಲು ಹೊಡೆಯುವುದು ಮುಂದಿನವರ ಕೆಲಸ, ಹಿಂದೆ ನಿಂತವನ ಕಣ್ಣು ತನ್ನ ಜನರ ಮೇಲಿರಬೇಕು ಎಂದೂ ಹೇಳಿದರು. ಮಾತು ಸರಿಯೇ. ಆದರೆ ಅದನ್ನು ಹೇಳದೆ ಸುಮ್ಮನಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಕಾಲು ನೋವೆಂದು ಉಳಿದೆ ಎಂದುಕೊಂಡು ನಾಲ್ಕು ದಿನ ಹಾಯಾಗಿರುತ್ತಿದ್ದೆ. ನನಗೆ ಹೊಟ್ಟೆಕಿಚ್ಚಾಯಿತು. ಅಂದು ರಾತ್ರಿ ಉಣ್ಣಲಿಲ್ಲ.

ಈಗ ಮಾಮಾ ಹೊಸ ರಾಗ ತೆಗೆದ. ಅಳಿಯ ಕುಂಟುತ್ತಿರುವಾಗ ಎರಡು ಮನೆಯ ಮಗ್ಗ ನೋಡುವವರು ಯಾರು, ತಾನು ಹೋಗುವುದಿಲ್ಲ ಎಂದು ಕುಳಿತ. ನನ್ನ ಸಿಟ್ಟೆಲ್ಲ ಆಗ ಹೊರಗೆ ಬಂತು.

"ನಿನ್ನ ಸಲುವಾಗಿ ನೆಲಾ ಕಚ್ಚಿ ಕೈ ಹಿಡಕೊಂಡೀನಿ ನಾ. ಈಗ ಹೋಗೂದಿಲ್ಲಂದ್ರ, ಈ ಕಾಲಿನಿಂದನ ಒದೀತೀನಿ, ನೋಡು ಮಾಮಾ."

ಅವನು ನನ್ನ ಊದಿದ ಕಾಲನ್ನು ನೋಡಿದ. ಹೋಗಿ ಚೀಲ ತುಂಬಿಕೊಂಡ. ಅಕ್ಕ ತಮ್ಮನಿಗಾಗಿ ಕಣ್ಣೊರೆಸಿಕೊಳ್ಳುತ್ತಲೇ ಗಂಡನ ಜರ್ಸಿಗೆ ಇಸ್ತ್ರಿ ಮಾಡಿದಳು. ನನ್ನ ಹೆಂಡತಿ ಅಣ್ಣ ಹೊರಟ ಸಂತೋಷವನ್ನು ನನ್ನೆದುರು ಮುಚ್ಚಿಡಲು ಹೆಣಗಿ, ಕೊನೆಗೆ ಅರಿಶಿನದ ಪಟ್ಟು ಕಟ್ಟುವ ನೆಪದಲ್ಲಿ ನನ್ನ ಕಾಲಿನ ಹತ್ತಿರ ಬಗ್ಗಿ ನಕ್ಕಳು. ಭುಜ ಅಲುಗಿದ್ದು ನನಗೆ ಕಂಡಿತು. ಅಂದಿನಿಂದ ಮನೆಯಲ್ಲಿ ಬಿಸಿರೊಟ್ಟಿ ಮತ್ತೆ ಶುರುವಾಯಿತು.

ಗದಗಿನ ಮೊದಲ ಪಂದ್ಯದ ದಿನ ನಾನು ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು, ಕಾಲನ್ನು ನೂಲಿನ ಮೂಟೆಯ ಮೇಲಿಟ್ಟು, ಕೈಸನ್ನೆಯಲ್ಲೇ ಮಗ್ಗ ನಡೆಸುತ್ತಿದ್ದೆ. ಅಕ್ಕ ಆ ಸಾಲು, ಹೆಂಡತಿ ಈ ಸಾಲು. ಮಧ್ಯಾಹ್ನದ ಹೊತ್ತಿಗೆ ಫೋನಿನ ಮೇಲೆ ರನ್ನ ಬೆಳಗಲಿಯವನ ಮುಖ ಬಂತು. ವಿಡಿಯೋ ಕಾಲ್. ಪಂದ್ಯ ನಡೆಯುವ ಹೊತ್ತಿಗೆ ಇವನಿಗೇನು ಫೋನ್ ಎಂದು ನೋಡಿದರೆ ಮಹಾರಾಯ ಮೊಣಕಾಲಿಗೆ ಬರ್ಫ ಕಟ್ಟಿಕೊಂಡು ಕೂತಿದ್ದ. ಇಷ್ಟು ವರ್ಷ ನಾನು ಕಣ್ಣಿಟ್ಟು ಕಾದ ಆ ಮೊಣಕಾಲು ನಾನಿಲ್ಲದ ದಿನ ನೋಡಿಕೊಂಡು ಕೈಕೊಟ್ಟಿತ್ತು. ಅವನು ಫೋನು ತಿರುಗಿಸಿದ. ದೂರದಲ್ಲಿ, ಗೋಲಿನ ಮುಂದೆ, ಮಾಮಾ ನಿಂತಿದ್ದ.

ಅವನ ಬಾಯಿ ಆಡುತ್ತಿರುವುದು ಕಂಡಿತು. ಅಷ್ಟು ದೂರಕ್ಕೆ, ಅಷ್ಟು ಸಣ್ಣ ಪರದೆಯಲ್ಲಿ, ತುಟಿ ಓದಲಾಗಲಿಲ್ಲ. ನಾನು ಅಕ್ಕನಿಗೆ ಸನ್ನೆ ಮಾಡಿದೆ. ಅವಳು ಆ ಸಾಲಿನ ಮಗ್ಗಗಳನ್ನು ಬಂದ್ ಮಾಡಿದಳು, ಹೆಂಡತಿ ಈ ಸಾಲಿನವನ್ನು. ಮಾಲು ಕೊಡುವ ಅವಸರದ ದಿನ, ಹಾಡಹಗಲು, ನಮ್ಮ ಶೆಡ್ಡು ಸುಮ್ಮನಾಯಿತು. ಪಕ್ಕದ ಶೆಡ್ಡಿನ ಮುದುಕ ಕರೆಂಟು ಹೋಯಿತೇನೆಂದು ಬಾಗಿಲಲ್ಲಿ ಇಣುಕಿದ. ವಿಷಯ ತಿಳಿದವನೇ ಹೋಗಿ ತನ್ನ ಮಗ್ಗಗಳನ್ನೂ ನಿಲ್ಲಿಸಿ ಬಂದ. ಓಣಿಯಲ್ಲಿ ಗುಬ್ಬಿಯ ಸದ್ದು ಕೇಳಿಸಿತು.

ಆಗ ಫೋನಿನೊಳಗಿಂದ, ಜನರ ಗದ್ದಲವನ್ನೆಲ್ಲ ಸೀಳಿಕೊಂಡು, ಅವನ ದನಿ ಬಂತು.

"ಅಳ್ಯಾ, ಎಡಕ್ಕ ಬಾ! ಅಳ್ಯಾ!"

ಅವನ ಪಕ್ಕದಲ್ಲಿ ಆಡುತ್ತಿದ್ದವನು ಗೊಬ್ಬರದ ಅಂಗಡಿಯವನು. ಯಾವ ಸಂಬಂಧದಿಂದಲೂ ಅವನ ಅಳಿಯನಲ್ಲ. ಆದರೂ ಕರೆದ ದನಿಗೆ ಎಡಕ್ಕೆ ಓಡಿದ, ಚೆಂಡು ತಡೆದ. ಮತ್ತೆ ಅದೇ ಕೂಗು, ಮತ್ತೆ ಅಳ್ಯಾ. ಅಕ್ಕನೂ ಹೆಂಡತಿಯೂ ನಗುತ್ತ ನನ್ನ ಕಡೆ ತಿರುಗಿದರು, ನನ್ನ ಮುಖ ನೋಡಿ ನಗು ನಿಲ್ಲಿಸಿದರು. ನಾನು ಮೂಟೆಯ ಮೇಲಿನಿಂದ ಕಾಲು ಇಳಿಸಿ, ಮಗ್ಗ ಹಿಡಿದು ಎದ್ದು ನಿಂತೆ.

"ಬಂದ್ನಿ, ಮಾಮಾ," ಎಂದೆ, ಇಡೀ ಓಣಿಗೆ ಕೇಳುವ ಹಾಗೆ.